ಗೋಂದಣ್ಣ ಎಳೆದ ಚೌಕ

ಗೋಂದಣ್ಣನ ಕಷ್ಟಕ್ಕೆಲ್ಲ ಒಂದು ಸಾಲು ಕಾರಣ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವ ಪುಟ ತೆರೆದರೆ ನೆತ್ತಿಯ ಮೇಲೇ ಅದು ಕೂತಿರುತ್ತಿತ್ತು: ‘ಪುಸ್ತಕ ಸಿಗದಿದ್ದರೆ ಕಂಪ್ಯೂಟರ್ ಮೇಜಿನಲ್ಲಿ ಕುಳಿತವರನ್ನು ಕೇಳಿ.’ ಕುಳಿತವನು ಗೋಂದಣ್ಣ. ಓದುಗರು ಹುಡುಕುವ ಗೋಜಿಗೇ ಹೋಗದೆ ನೇರವಾಗಿ ಅವನನ್ನೇ ಕೇಳುತ್ತಿದ್ದರು.

ಅಸಲಿಗೆ ಅವನು ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಬೆರಳಿಗೆ ಸದಾ ಗೋಂದು ಮೆತ್ತಿರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಕಂಪ್ಯೂಟರಿನವರು ಕೆಲಸ ಬಿಟ್ಟಾಗ ಮುಖ್ಯಸ್ಥರು ‘ನಾಲ್ಕು ದಿನದ ಮಟ್ಟಿಗೆ’ ಎಂದು ಅವನನ್ನು ಅಲ್ಲಿ ಕೂರಿಸಿದ್ದರು. ಆ ನಾಲ್ಕು ದಿನ ಹಿಗ್ಗಿ ಹಿಗ್ಗಿ ಅರ್ಧ ವರ್ಷವಾಗಿತ್ತು. ಹಿಂದಿನ ಬೈಂಡಿಂಗ್ ಕೋಣೆಯಲ್ಲಿ ಬೆನ್ನು ಮುರಿದ ಪುಸ್ತಕಗಳು, ವೈದ್ಯರು ಬಾರದ ದಿನದ ರೋಗಿಗಳಂತೆ, ಸಾಲಾಗಿ ಮಲಗಿದ್ದವು.

ಅಂದು ಬೆಳಿಗ್ಗೆ ಮುಖ್ಯಸ್ಥರು ಬಂದು ಮೇಜು ತಟ್ಟಿದರು. “ನೋಡಿ, ಪುಸ್ತಕ ಹುಡುಕೋದು ಹೇಗೆ ಅಂತ ಒಂದು ವಿಡಿಯೋ ಮಾಡಿ. ಪರದೆ ಮೇಲೆ ನೀವು ಮಾಡೋದೆಲ್ಲ ಹಾಗೇ ರೆಕಾರ್ಡ್ ಆಗತ್ತೆ. ಓದೋ ಹಾಲ್‌ನ ಟಿವಿಗೆ ಹಾಕೋಣ. ಜನ ತಾವೇ ಕಲಿತುಬಿಟ್ರೆ ನೀವು ನಾಳೆಯಿಂದಲೇ ನಿಮ್ಮ ಕೋಣೆಗೆ.”

“ನಿಜವಾಗ್ಲೂ ಸಾರ್?”

“ಸಂಜೆಯೊಳಗೆ ಆಗಬೇಕು. ಇಲ್ದಿದ್ರೆ ಮುರಿದ ಕುರ್ಚಿಗಳನ್ನೆಲ್ಲ ಆ ಕೋಣೆಗೆ ತುಂಬಿಸ್ತೀನಿ.”

ಗೋಂದಣ್ಣ ಮೊದಲು ತಲೆ ಬಾಚಿಕೊಂಡ. ಆಮೇಲೆ ಶರಟಿನ ಮೇಲಿನ ಗುಂಡಿ ಹಾಕಿಕೊಂಡ. ಪುಸ್ತಕ ಕೊಡುವ ಕೌಂಟರಿನ ಅಕ್ಕ ಅದನ್ನು ಕಂಡು, “ವಿಡಿಯೋದಲ್ಲಿ ನೀವು ಬರಲ್ಲ ಅಣ್ಣ, ಪರದೆ ಮಾತ್ರ ಬರೋದು” ಎಂದಳು. ಅವನು ಗುಂಡಿ ಬಿಚ್ಚಿ, ಪರದೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿದ. ಅಕ್ಕ ನಗು ತಡೆದುಕೊಂಡು ಕೌಂಟರಿಗೆ ಮರಳಿದಳು. ಒಳ್ಳೆಯವಳು.

ರೆಕಾರ್ಡಿಂಗ್ ಶುರುವಾಗುವ ಮುನ್ನವೇ ಕಂಪ್ಯೂಟರ್ ಒಂದು ಪ್ರಶ್ನೆ ಹಾಕಿತು: ಇಡೀ ಪರದೆಯೋ, ಒಂದು ವಿಂಡೋ ಮಾತ್ರವೋ, ನೀವೇ ಚೌಕ ಎಳೆದು ತೋರಿಸುವ ಭಾಗವೋ? ಗೋಂದಣ್ಣನಿಗೆ ಮೂರು ದಾರಿ ಕೂಡುವಲ್ಲಿ ದಿಕ್ಕು ತಪ್ಪಿದ ಎಮ್ಮೆಯ ಹಾಗಾಯಿತು.

“ಇಡೀ ಪರದೆ ಹಾಕ್ರೀ” ಎಂದರು, ಲೆಕ್ಕಪತ್ರ ನೋಡುವವರು ಕುರ್ಚಿಸಮೇತ ಸರಿದು ಬಂದು. “ಮನೆಗೆ ಕರೆದು ಹೊಸ್ತಿಲಲ್ಲೇ ನಿಲ್ಲಿಸ್ತಾರೇನ್ರೀ ಯಾರಾದ್ರೂ?”

ಹಾಗೆಯೇ ಆಯಿತು. ಗೋಂದಣ್ಣ ಗಂಟಲು ಸರಿಮಾಡಿಕೊಂಡು, “ಮೊದಲು ಪುಸ್ತಕದ ಹೆಸರು ಬರೆಯಿರಿ” ಎನ್ನುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಹೆಂಡತಿಯ ಸಂದೇಶ ಚಿಮ್ಮಿತು: ‘ನನ್ನ ಚಪ್ಪಲಿ ಒಂದು ನಿಮ್ಮ ಕಾಲಲ್ಲಿದೆ. ನಾನು ಹೊರಗೆ ಹೋಗೋದು ಹೇಗೆ?’

ಎಲ್ಲರೂ ಮೇಜಿನ ಕೆಳಗೆ ಬಗ್ಗಿದರು. ಬಲಗಾಲಲ್ಲಿ ಅವನದು. ಎಡಗಾಲಲ್ಲಿ ಹೂವಿನ ಪಟ್ಟಿಯದು.

“ಒಂದು ಕಾಲಿಗಾದ್ರೂ ಯೋಗ ಬಂತಲ್ಲ” ಎಂದು ನಕ್ಕರು ಪೇಪರ್ ತಾತ. ದಿನವೂ ಬಾಗಿಲು ತೆರೆಯುವ ಮುಂಚೆಯೇ ಬಂದು ಪತ್ರಿಕೆ ಹಿಡಿದು ಕೂರುವ ಹಿರಿಯರವರು. “ಅಯ್ಯಾ, ಮನೆ ಸುದ್ದಿಯೆಲ್ಲ ಊರಿಗೆ ಯಾಕೆ? ವಿಂಡೋ ಒಂದೇ ಹಾಕು.”

ಅದನ್ನೂ ಹಾಕಿದ್ದಾಯಿತು. ಮಾತೆಲ್ಲ ಮುಗಿಸಿ ನೋಡಿದರೆ, ಹುಡುಕಿದ ಪುಸ್ತಕದ ವಿವರ ಬೇರೊಂದು ವಿಂಡೋದಲ್ಲಿ ತೆರೆದುಕೊಂಡಿತ್ತು. ರೆಕಾರ್ಡ್ ಆದದ್ದು ಹಳೆಯದು. “ಇಲ್ಲಿ ನೋಡಿ, ಈಗ ಇಲ್ಲಿ ನೋಡಿ” ಎಂದು ಗೋಂದಣ್ಣನ ದನಿ ಅಂಗಲಾಚುತ್ತಿತ್ತು. ಪರದೆ ಮಾತ್ರ ಮುನಿಸಿಕೊಂಡ ಅತ್ತೆಯಂತೆ ಕದಲದೆ ಕೂತಿತ್ತು.

“ನಾನು ಮೊದಲೇ ಹೇಳಿದ್ದೆ” ಎಂದರು ಲೆಕ್ಕದವರು.

“ನೀವು ಹೇಳಿದ್ದಕ್ಕೇ ಚಪ್ಪಲಿ ಬಯಲಾಗಿದ್ದು” ಎಂದರು ತಾತ.

“ಮೆಲ್ಲಗೆ! ಇದು ಗ್ರಂಥಾಲಯ” ಎಂದಳು ಅಕ್ಕ.

ಮಧ್ಯಾಹ್ನ ಇಳಿಯುತ್ತಿತ್ತು. ಹಿಂದಿನ ಓಣಿಯಲ್ಲಿ ಮುರಿದ ಕುರ್ಚಿಗಳನ್ನು ಎಳೆಯುವ ಕರಕರ ಸದ್ದು ಕೇಳಿಸಿ ಗೋಂದಣ್ಣ ಮೇಜಿಗೆ ಇನ್ನಷ್ಟು ಹತ್ತಿರ ಸರಿದು ಕೂತ. ಉಳಿದದ್ದು ಚೌಕವೊಂದೇ. ರಟ್ಟಿಗೆ ಅಳತೆ ಹಿಡಿಯುವಷ್ಟೇ ಎಚ್ಚರದಿಂದ ಅವನು ಚೌಕ ಎಳೆದ. ಹೆಸರು ಬರೆಯುವ ಜಾಗ, ಕೆಳಗೆ ಪುಸ್ತಕದ ವಿವರ ಬರುವ ಜಾಗ, ಅಷ್ಟೇ. ನೆತ್ತಿಯ ಮೇಲಿನ ಆ ಹಾಳು ಸಾಲನ್ನು ಬೇಕೆಂದೇ ಹೊರಗೆ ಬಿಟ್ಟ. ಆರು ತಿಂಗಳಲ್ಲಿ ಮೊದಲ ಸಲ ಮನಸ್ಸಿಗೆ ಹಿತವೆನಿಸಿತು.

ಗಂಟಲು ಒಣಗಿತ್ತು. ನೀರು ಕುಡಿದು, ಬೆವರಿನಿಂದ ಮಂಜಾಗಿದ್ದ ಕನ್ನಡಕ ತೊಳೆದುಕೊಂಡು ಬಂದ. ಅಕ್ಕ ಅವನ ಮೇಜಿನ ಹತ್ತಿರ ನಿಂತಿದ್ದವಳು ನಕ್ಕು ಕೌಂಟರಿಗೆ ಹೋದಳು. ಪರದೆಯ ಅಕ್ಷರಗಳು ಏಕೋ ದಪ್ಪದಪ್ಪವಾಗಿ, ದುಂಡುದುಂಡಾಗಿ ಕಂಡವು. ‘ಕನ್ನಡಕ ಆಗಾಗ ತೊಳೀಬೇಕಪ್ಪ’ ಅಂದುಕೊಂಡು ಕೆಂಪು ಗುಂಡಿ ಒತ್ತಿದ.

ಆ ಸಲ ಮಾತು ನೀರಿನ ಹಾಗೆ ಹರಿಯಿತು. ಸಂದೇಶ ಬರಲಿಲ್ಲ, ತಾತ ಕೆಮ್ಮಲಿಲ್ಲ. ಮುಗಿಸಿದ್ದೇ ತಡ, ಮುಖ್ಯಸ್ಥರು ಮನೆಗೆ ಹೊರಟವರು ಬಾಗಿಲಲ್ಲೇ ನಿಂತರು. “ಆಯ್ತಾ? ಕೊಡಿ, ಈಗಲೇ ಹಾಕಿಬಿಡ್ತೀನಿ.”

“ಒಂದ್ಸಲ ನೋಡಿ ಕೊಡ್ತೀನಿ ಸಾರ್...”

“ನೋಡೋದೇನು, ಜನ ನೋಡ್ತಾರೆ.”

ಗೋಂದಣ್ಣ ಹೋಗಿ ಬೈಂಡಿಂಗ್ ಕೋಣೆಯ ಬೀಗ ತೆಗೆದ. ಒಣಗಿದ ಗೋಂದಿನ ಡಬ್ಬಿಯ ವಾಸನೆ ತವರಿನ ವಾಸನೆಯಂತೆ ಬಂತು. ಇನ್ನೇನು ಸೂಜಿಗೆ ದಾರ ಪೋಣಿಸಬೇಕು, ಲೆಕ್ಕದವರು ಓಡಿ ಬಂದರು. “ಏನ್ರೀ ಇದು! ನಿಮ್ಮ ಮೇಜಿನ ಮುಂದೆ ಜನ ಬಾಗಿಲ ತನಕ ನಿಂತಿದ್ದಾರೆ!”

ಹೌದು, ನಿಂತಿದ್ದರು. ಎಲ್ಲರಿಗಿಂತ ಮುಂದೆ ಪೇಪರ್ ತಾತ.

“ನೀವ್ಯಾಕೆ ತಾತ ಇಲ್ಲಿ? ನಿಮಗೆ ಪುಸ್ತಕ ಬೇಕಾ?”

“ಬೇಕಿರಲಿಲ್ಲ ಕಣಯ್ಯಾ. ಟಿವಿಯಲ್ಲಿ ಅಷ್ಟೊಂದು ಒತ್ತಾಯ ಮಾಡ್ತಿದ್ದಾರೆ. ಬರದೆ ಇದ್ರೆ ಚೆನ್ನಾಗಿರತ್ತಾ?”

ಗೋಂದಣ್ಣ ಟಿವಿಯತ್ತ ತಿರುಗಿದ. ಗ್ರಂಥಾಲಯವಾದ್ದರಿಂದ ಅದಕ್ಕೆ ಸದ್ದು ಹಾಕುವಂತಿಲ್ಲ. ಅವನ ಮಾತು ಒಂದಕ್ಷರವೂ ಕೇಳುತ್ತಿರಲಿಲ್ಲ. ಗೋಡೆ ತುಂಬುವ ಪರದೆಯ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ ಒಂದೇ ಒಂದು ಸಾಲು: ‘ಪುಸ್ತಕ ಸಿಗದಿದ್ದರೆ ಕಂಪ್ಯೂಟರ್ ಮೇಜಿನಲ್ಲಿ ಕುಳಿತವರನ್ನು ಕೇಳಿ.’ ಹೆಸರು ಬರೆಯುವ ಜಾಗವೂ ಇಲ್ಲ, ವಿವರವೂ ಇಲ್ಲ. ಬಾಣದ ಗುರುತೊಂದು ಆಗಾಗ ಕೆಳಗಿನಿಂದ ಇಣುಕಿ, ಆ ಸಾಲನ್ನೇ ಮೊಟಕಿ, ಮರೆಯಾಗುತ್ತಿತ್ತು. ಮುಗಿದರೆ ಮತ್ತೆ ಮೊದಲಿನಿಂದ.

“ಭೇಷ್!” ಮುಖ್ಯಸ್ಥರು ಬೆನ್ನು ತಟ್ಟಿದರು. “ಕಂಪ್ಯೂಟರ್ ಹತ್ತಿರ ಇಷ್ಟು ಜನ ಯಾವತ್ತೂ ಬಂದಿರಲಿಲ್ಲ. ಇಂಥ ಹೊತ್ತಲ್ಲಿ ನಿಮ್ಮನ್ನ ಬಿಡೋದುಂಟಾ? ಆ ಕುರ್ಚಿ ಇನ್ನು ನಿಮ್ಮದೇ. ಬೀಗದಕೈ ಇತ್ತ ಕೊಡಿ.”

ಗೋಂದಣ್ಣ ಕೊಟ್ಟ. ಕುಸಿದು ಕುರ್ಚಿಯಲ್ಲಿ ಕೂತ. ತಾನು ಹೊರಗೆ ಬಿಟ್ಟ ಸಾಲು ಒಳಗೆ ಬಂದು, ಒಳಗಿದ್ದದ್ದೆಲ್ಲ ಹೊರಗೆ ಹೋದದ್ದು ಹೇಗೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಅಕ್ಕ ಕಾಫಿ ತಂದು ಪಕ್ಕಕ್ಕಿಟ್ಟಳು. ಟಿವಿಯತ್ತ ನೋಡಿ ಅವಳ ಮುಖ ಅರಳಿತು.

“ಅಕ್ಷರ ಎಷ್ಟು ಚೆನ್ನಾಗಿ ಕಾಣ್ತಿದೆ ಅಲ್ವಾ ಅಣ್ಣ? ಬೆಳಿಗ್ಗೆಯಿಂದ ನೀವು ಕಣ್ಣು ಕಿರಿದು ಮಾಡ್ಕೊಂಡು ಒದ್ದಾಡೋದು ನೋಡೋಕಾಗಲಿಲ್ಲ. ನೀವು ನೀರಿಗೆ ಹೋದಾಗ ನಾನೇ ಪುಟಾನ ದೊಡ್ಡದು ಮಾಡಿಟ್ಟೆ. ಮೇಲಿನದೆಲ್ಲ ಸ್ವಲ್ಪ ಕೆಳಗೆ ಸರೀತು ಅಷ್ಟೇ. ನಿಮ್ಮ ಚೌಕ ಮಾತ್ರ ಮುಟ್ಟಿಲ್ಲ ನೋಡಿ!”

ಗೋಂದಣ್ಣ ಅವಳ ಮುಖ ನೋಡಿದ. ಬಾಯಿಗೆ ಬಂದದ್ದನ್ನು ಒಂದು ಗುಟುಕು ಕಾಫಿಯ ಜೊತೆ ನುಂಗಿದ.

“ಹೌದಕ್ಕ, ತುಂಬಾ ಚೆನ್ನಾಗಿ ಕಾಣ್ತಿದೆ” ಎಂದು, ಹೂವಿನ ಪಟ್ಟಿಯ ಚಪ್ಪಲಿಯನ್ನು ಮೇಜಿನ ಕೆಳಗೆ ಎಳೆದುಕೊಂಡು, ತಾತನ ಕಡೆ ತಿರುಗಿದ. “ಹೇಳಿ ತಾತ, ಯಾವ ಪುಸ್ತಕ?”

“ಯಾವುದಾದ್ರೂ ಕೊಡಯ್ಯಾ” ಎಂದರು ತಾತ. “ಹರಿದಿರಬಾರದು ಅಷ್ಟೆ.”