ದಂಡ ಹಾಕುವ ಗಂಡ

ಆಗ ನನಗೆ ಅರವತ್ತನಾಲ್ಕು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಐರ್ಲೆಂಡಿನ ರೈಲುಗಳಲ್ಲಿ ಆ ಕಾಲಕ್ಕೆ ಒಬ್ಬ ಮನುಷ್ಯ ಸಂಬಳವಿಲ್ಲದೆ, ಯಾರೂ ಕರೆಯದೆ, ಎಂದೋ ಮುಚ್ಚಿಹೋದ ಕಂಪನಿಯೊಂದರ ಪರವಾಗಿ ಜನರಿಗೆ ದಂಡ ಹಾಕುತ್ತ ತಿರುಗುತ್ತಿದ್ದ. ಪೊಲೀಸರು ಅವನನ್ನು ಹಿಡಿಯಲಿಲ್ಲ, ಆಸ್ಪತ್ರೆಯವರೂ ಹಿಡಿಯಲಿಲ್ಲ. ಹಿಡಿದವಳು ನಾನೊಬ್ಬಳೇ, ಅದೂ ಅಗ್ನಿಸಾಕ್ಷಿಯಾಗಿ. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿ ನನಗೆ ಅಭ್ಯಾಸವಿಲ್ಲ. ಬಯ್ಯುವುದಕ್ಕೆ ಹೆಸರೇ ಬೇಕು ಅಂತ ಎಲ್ಲಿದೆ?

ಅವರು ಅರಸೀಕೆರೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ರೈಲ್ವೆಯವರಿಗೆ ಕೊಟ್ಟರೆ ಮಗಳು ಪಾಸಿನಲ್ಲಿ ಕಾಶಿ ನೋಡುತ್ತಾಳೆ ಅಂತ ನಮ್ಮಪ್ಪ ಕೊಟ್ಟರು. ಮದುವೆ ಮುಗಿದು ಗಂಡನ ಮನೆಗೆ ಹೊರಟಾಗ ನಮ್ಮಮ್ಮ ಒಂದು ಹಲಸಿನ ಹಣ್ಣು, ಒಂದು ಹಿತ್ತಾಳೆ ಕೊಳಗ ಜೊತೆಗಿಟ್ಟಿದ್ದಳು. ಮದುಮಗ ಸ್ಟೇಷನ್ನಿನಲ್ಲಿ ಎರಡನ್ನೂ ತಕ್ಕಡಿಗೆ ಹಾಕಿಸಿದರು. ಹಣೆಯ ಮೇಲಿನ ಬಾಸಿಂಗದ ಗುರುತು ಇನ್ನೂ ಮಾಸಿರಲಿಲ್ಲ.

"ಮಾವ, ತೂಕ ಜಾಸ್ತಿ ಇದೆ. ಲಗೇಜ್ ಚಾರ್ಜು ಕಟ್ಟಬೇಕಾಗುತ್ತೆ."

"ಹುಡುಗೀನೂ ತೂಕ ಹಾಕ್ಬೇಕಾ ಅಳಿಯಂದ್ರೇ?" ಅಂದರು ನಮ್ಮಪ್ಪ.

"ಬೇಡ. ಆಕೆಗೆ ಟಿಕೆಟ್ ಇದೆ."

ನಮ್ಮ ಕಡೆಯವರು ತಮಾಷೆ ಅಂತ ನಕ್ಕರು. ಅವರು ರಸೀದಿ ಹರಿದು ಕೊಟ್ಟ ಮೇಲೆ ನಗು ನಿಂತಿತು. ಕಾಶಿಯನ್ನು ನಾನು ಇವತ್ತಿಗೂ ನೋಡಿಲ್ಲ.

ಇಂಥವರನ್ನು ಕಟ್ಟಿಕೊಂಡು ಐರ್ಲೆಂಡಿಗೆ ಹೋದೆ. ಮಗಳು ಬ್ಯೂಮಾಂಟ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು, ಅಳಿಯನೂ ಆಸ್ಪತ್ರೆಯವನೇ, ಬಾಡಿಗೆ ಮನೆ ರಾಜಧಾನಿಯ ಅಂಚಿನ ಬ್ಲಾಂಚರ್ಡ್ಸ್‌ಟೌನಿನಲ್ಲಿ. ಮೊಮ್ಮಗಳನ್ನು ನೋಡಿಕೊಳ್ಳಲಿ ಅಂತ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದರು. ದೇಶಕ್ಕೆ ದೇಶವೇ ದುಡ್ಡಿನ ಅಮಲಿನಲ್ಲಿದ್ದ ಕಾಲ ಅದು. ಎಲ್ಲಿ ನೋಡಿದರೂ ಕ್ರೇನು. ಮೊನ್ನೆ ದನ ಮೇಯುತ್ತಿದ್ದ ಕಡೆ ಇವತ್ತು ಸಾಲುಮನೆ. ಮೊಮ್ಮಗಳನ್ನು ನಾನು ನೋಡಿಕೊಂಡೆ. ನಮ್ಮವರು ಕಿಟಕಿ ನೋಡಿಕೊಂಡರು. ಕಾರ್ಪೆಟ್ಟಿನ ಮೇಲೆ ಸದ್ದಿಲ್ಲದೆ ಓಡಾಡುವುದು, ಬಂದು ಕಿಟಕಿ ಮುಂದೆ ಕೂರುವುದು. ಊಟ ಅರ್ಧವಾಯಿತು. ಆಮೇಲೆ ಮಾತೂ ನಿಂತಿತು.

"ಅಮ್ಮ, ಅಪ್ಪಂಗೆ ಡಿಪ್ರೆಶನ್ ಇರಬಹುದು" ಅಂದಳು ಮಗಳು.

"ಅದು ರಿಟೈರ್ಮೆಂಟು ಕಣೇ" ಅಂದೆ. ಹಾಗಂದರೂ ಒಳಗೆ ನನಗೂ ಹೆದರಿಕೆಯಾಗಿತ್ತು. ಬಯ್ದರೆ ತಿರುಗಿ ಬಯ್ಯದ ಗಂಡನ ಜೊತೆ ಎಷ್ಟು ದಿನ ಅಂತ ಇರುವುದು?

ಮಗಳು ರೈಲಿಗೆ ತಿಂಗಳ ಪಾಸು ಮಾಡಿಸಿಕೊಟ್ಟಳು. ಮೊದಲ ದಿನ ಸುತ್ತಾಡಿ ಬಂದವರು ಶೂ ಬಿಚ್ಚದೆ ನೇರ ಅಡುಗೆಮನೆಗೆ ಬಂದರು. "ಏನೇ, ನಮ್ಮ ರೂಲ್ಸೇ ಕಣೇ ಇಲ್ಲೂ ಇರೋದು! ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

ಯಾವುದೋ ಹಳೆಯ ಸ್ಟೇಷನ್ನಿನ ಗೋಡೆಯ ಮೇಲೆ ಉಬ್ಬಕ್ಷರದ ಕಬ್ಬಿಣದ ಹಲಗೆ ಇತ್ತಂತೆ. ರೈಲು ಹೊಸದಾಗಿ ಬಂದ ಕಾಲದಲ್ಲಿ ಹಾಕಿದ್ದು. ಓಡುವ ರೈಲು ಹತ್ತಿದರೆ, ಕುಡಿದು ಬಂದರೆ, ಉಗುಳಿದರೆ, ಹೆಂಗಸರ ಡಬ್ಬಿಗೆ ಗಂಡಸು ನುಗ್ಗಿದರೆ, ಒಂದೊಂದಕ್ಕೂ ನಲವತ್ತು ಶಿಲ್ಲಿಂಗ್ ದಂಡ. ಅಲ್ಲಿಗೂ ಇಲ್ಲಿಗೂ ರೈಲು ಹಾಕಿದವರು ಒಬ್ಬರೇ ಇಂಗ್ಲಿಷರಲ್ಲವೇ? ಅವರು ಎರಡೂ ದೇಶಕ್ಕೆ ಒಂದೇ ಬೈಗುಳ ಬರೆದಿಟ್ಟು ಹೋಗಿದ್ದರು. ಆ ಕಂಪನಿ ಹೋಗಿತ್ತು, ಶಿಲ್ಲಿಂಗ್ ಹೋಗಿತ್ತು, ಅದರ ಮೇಲೆ ಪೌಂಡೂ ಹೋಗಿ ಯೂರೋ ಬಂದಿತ್ತು. ಹಲಗೆಗೆ ಮಾತ್ರ ಅಂದಕ್ಕೆ ಅಂತ ಹೊಸ ಬಣ್ಣ ಬಳಿದು ಇಟ್ಟುಕೊಂಡಿದ್ದರು.

"ಅಪ್ಪ, ಅದು ಮ್ಯೂಸಿಯಂ ಥರ. ಈಗ ನಡೆಯಲ್ಲ" ಅಂದಳು ಮಗಳು.

"ರದ್ದಾಗಿದೆ ಅನ್ನೋ ಸರ್ಕ್ಯುಲರ್ ತೋರಿಸು."

"ನಾನೆಲ್ಲಿಂದ ತರ್ಲಿ?"

"ನೋಡು, ಇಲ್ಲ. ಬೋರ್ಡು ಗೋಡೆ ಮೇಲಿದೆ, ಬಣ್ಣಾನೂ ಹೊಸದು. ಸರ್ಕ್ಯುಲರ್ ಬರೋ ತನಕ ರೂಲು ರೂಲೇ."

ಈ ಬುದ್ಧಿ ರೈಲ್ವೆಯವರಿಗಲ್ಲದೆ ಇನ್ಯಾರಿಗೆ ಬಂದೀತು? ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಮಿದುಳು ಕೆಟ್ಟರೂ ಹೊಟ್ಟೆ ಸರಿಹೋಯಿತಲ್ಲ ಅಂತ ನಾನು ಬಡಿಸಿದೆ.

ಬೆಳಿಗ್ಗೆ ಸೂಟ್‌ಕೇಸಿನ ತಳದಿಂದ ಡ್ಯೂಟಿಯ ಕಪ್ಪು ಕೋಟು ಹೊರಗೆ ಬಂತು. ಊರಿಂದ ಹಪ್ಪಳ ತರಲು ಜಾಗವಿಲ್ಲ ಅಂದಿದ್ದವರು ಅದನ್ನು ತಂದಿದ್ದರು ಅಂತ ನನಗೆ ಗೊತ್ತಾಗಿದ್ದೇ ಆಗ. ಅಂದಿನಿಂದ ದಿನಾ ಹೋದರು. ಚೂಯಿಂಗ್ ಗಮ್ ಉಗುಳಿದ ಹುಡುಗನ ಕೈಯಲ್ಲೇ ಅದನ್ನು ಎತ್ತಿಸಿದರು. ಬಿಯರ್ ಡಬ್ಬಿ ಹಿಡಿದು ತೂಗುತ್ತಿದ್ದ ಮುದುಕನೊಬ್ಬನಿಗೆ ನಲವತ್ತು ಶಿಲ್ಲಿಂಗ್ ಅಂದಾಗ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕನಂತೆ. ಶಿಲ್ಲಿಂಗ್ ಎನ್ನುವ ಮಾತು ಕೇಳಿ ಎಷ್ಟು ಕಾಲವಾಯಿತು ಅಂತ ಜೇಬಿಗೆ ಕೈಹಾಕಿ ನಾಣ್ಯವನ್ನೂ ಕೊಟ್ಟನಂತೆ. ರಸೀದಿ ಪುಸ್ತಕವಿಲ್ಲದೆ ಕಾಸು ಮುಟ್ಟುವುದು ಇವರ ಪಾಲಿಗೆ ಕುಡಿಯುವುದಕ್ಕಿಂತ ದೊಡ್ಡ ಅಪರಾಧ. ಕೊನೆಗೆ ಅವನ ಸ್ಟೇಷನ್ನಿನಲ್ಲಿ ಅವನ ಕೈ ಹಿಡಿದು ಇಳಿಸಿ, ಮುಂದಿನ ರೈಲಿಗೆ ಬಂದರು. ಅನ್ನ ಆರಿಹೋಗಿತ್ತು. ಇನ್ನೊಂದು ಸಲ ಬಿಸಿ ಮಾಡಿದವಳು ನಾನು.

ಒಂದು ದಿನ ಮೊಮ್ಮಗಳನ್ನು ಕರೆದುಕೊಂಡು ನಾನೂ ಹೋದೆ. ಹೋಗಬಾರದಿತ್ತು. ಮುಂದಿನ ಡಬ್ಬಿ ಹೆಂಗಸರದ್ದು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ಬೂಟಿನ ತುಂಬ ಸಿಮೆಂಟು ಮೆತ್ತಿಕೊಂಡಿದ್ದ ಬಾಗಿಲೆತ್ತರದ ಒಬ್ಬ ಕಟ್ಟಡ ಕೆಲಸದವನು ಒಳಗೆ ಬಂದ. ಇವರು ಕೈ ಅಡ್ಡ ಹಿಡಿದರು. "ಲೇಡೀಸ್ ಕಂಪಾರ್ಟ್‌ಮೆಂಟ್, ಸರ್."

ಹೊಡೆದೇ ಬಿಡುತ್ತಾನೆ ಅಂದುಕೊಂಡೆ. ಅವನು ಕಪ್ಪು ಕೋಟು ನೋಡಿ "ಸಾರಿ, ಬಾಸ್" ಅಂತ ಹಿಂದಕ್ಕೆ ಹೋದ. ಅವರ ಕಾಲನ್ನು ನಾವು ತುಳಿದರೂ ತಾವೇ ಸಾರಿ ಅನ್ನುವ ಜನ ಅದು. ಒಬ್ಬೊಬ್ಬರನ್ನೇ ಹಾಗೆ ಅಟ್ಟಿದರು. ಸಿಟಿ ಬರುವಷ್ಟರಲ್ಲಿ ಹಿಂದಿನ ಡಬ್ಬಿಗಳಲ್ಲಿ ಗಂಡಸರು ಚೀಲದಲ್ಲಿ ಬದನೆಕಾಯಿ ತುಂಬಿದ ಹಾಗಿದ್ದರು.

"ರೀ, ನೀವು ಗಂಡಸಲ್ವಾ? ನೀವ್ಯಾಕೆ ಇಲ್ಲಿದ್ದೀರಾ?" ಅಂದೆ.

"ನಾನು ಡ್ಯೂಟೀಲಿದ್ದೀನಿ."

ಇದೆಲ್ಲ ಎಷ್ಟು ದಿನ ನಡೆದೀತು? ನಮ್ಮ ಹತ್ತಿರದ ಸ್ಟೇಷನ್ನನ್ನು ನೋಡಿಕೊಳ್ಳುವ ದಪ್ಪ ಕನ್ನಡಕದ ಹೆಂಗಸು ಮಗಳನ್ನು ಕರೆಸಿದಳು. ನಿಮ್ಮ ತಂದೆ ಒಳ್ಳೆಯವರು, ಆದರೆ ಇನ್ನೊಂದು ದೂರು ಬಂದರೆ ಪ್ಲಾಟ್‌ಫಾರಂಗೇ ಬಿಡುವ ಹಾಗಿಲ್ಲ ಅಂತ ಹೇಳಿ ಕಳಿಸಿದಳು. ಮಗಳು ಮನೆಗೆ ಬಂದು ಕೂಗಾಡಿದಳು.

"ಅಜ್ಜ ಈಸ್ ಗ್ರ್ಯಾಂಡ್" ಅಂದಳು ಮೊಮ್ಮಗಳು. ಅಜ್ಜ ಸರಿಯಾಗೇ ಇದ್ದಾರೆ ಅನ್ನುವುದಕ್ಕೆ ಅಲ್ಲಿಯವರ ಮಾತು ಅದು.

"ನೀನು ಸುಮ್ನಿರು. ಅಪ್ಪ, ರೈಲು ಬೇಕಾ, ದಂಡ ಬೇಕಾ? ಹೇಳಿ."

ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. "ರೈಲು" ಅಂದರು. ಅವತ್ತಿನಿಂದ ಬಾಯಿಗೆ ಬೀಗ. ಕೂತು ಬರುತ್ತಿದ್ದರು, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ರೈಲು ತಪ್ಪಿದರೆ ಮತ್ತೆ ಆ ಕಿಟಕಿ, ಮತ್ತೆ ಆ ಅರ್ಧ ಊಟ.

ಇಷ್ಟರಲ್ಲಿ ಮೊಮ್ಮಗಳು ಬೆಳಿಗ್ಗೆ ಎರಡು ಗಂಟೆ ಹೊತ್ತು ಹೋಗುತ್ತಿದ್ದ ಶಿಶುವಿಹಾರದಿಂದ ಸೀತಾಳ ಸಿಡುಬು ತಂದಳು. ನಾವೆಲ್ಲ ಅದಕ್ಕೆ ಅಮ್ಮ ಆಗಿದೆ ಅನ್ನುವುದು. ಅವಳ ಗುಳ್ಳೆಗಳೆಲ್ಲ ಒಣಗಿ ಉದುರಿದವು, ಮುಗಿಯಿತು ಅಂದುಕೊಂಡೆವು. ಅಳಿಯನ ಅಕ್ಕ ಒಂದು ಗಂಟೆ ದೂರದ ಡನ್‌ಡಾಕ್‌ನಲ್ಲಿ ಹೆತ್ತಿದ್ದಳು. ಮಗು ನೋಡಿಕೊಂಡು ಬರೋಣ ಅಂತ ನಾವಿಬ್ಬರೂ ಒಂದು ದಿನ ರೈಲಿನಲ್ಲಿ ಹೋದೆವು. ಅಲ್ಲಿಗೆ ಹೋಗಿ ಸ್ವೆಟರ್ ಬಿಚ್ಚಿದರೆ ನನ್ನ ಕತ್ತಿನ ಮೇಲೆ ಗುಳ್ಳೆ, ಮೈಯೆಲ್ಲ ಕೆಂಡ. ಚಿಕ್ಕವಳಿದ್ದಾಗ ಮನೆಮಂದಿಗೆಲ್ಲ ಬಂದರೂ ನನ್ನನ್ನು ಬಿಟ್ಟಿದ್ದ ಅಮ್ಮ ಹುಡುಕಿಕೊಂಡು ಐರ್ಲೆಂಡಿಗೆ ಬಂದಿದ್ದಳು.

"ಆಂಟಿ, ಬೇಜಾರು ಮಾಡ್ಕೋಬೇಡಿ, ಹಸುಗೂಸು..." ಅಂದಳು ಬಾಣಂತಿ. ಬೇಜಾರೇನು ಬಂತು? ಪುಣ್ಯಕ್ಕೆ ಮಗುವನ್ನು ಇನ್ನೂ ಎತ್ತಿಕೊಂಡಿರಲಿಲ್ಲ. ಬಂದ ಕಾಲಲ್ಲೇ ಹೊರಗೆ ಬಂದೆ. ಮಗಳು, ಅಳಿಯ ಇಬ್ಬರೂ ಡ್ಯೂಟಿಯಲ್ಲಿ. ಟ್ಯಾಕ್ಸಿಯವನು ನನ್ನ ಕತ್ತಿನ ಗುಳ್ಳೆ ನೋಡಿ ಹೊರಟೇ ಹೋದ. ಉಳಿದದ್ದು ರೈಲು.

ಪ್ಲಾಟ್‌ಫಾರಂನಲ್ಲಿ ನಮ್ಮವರು ಕಂಬದ ಹಾಗೆ ನಿಂತರು. "ಅಂಟುಜಾಡ್ಯದವರು ರೈಲು ಹತ್ತೋ ಹಾಗಿಲ್ಲ ಕಣೇ. ಆ ಬೋರ್ಡಲ್ಲಿ ಅದೂ ಇದೆ. ಗೊತ್ತಿದ್ದು ಹತ್ತಿಸಿದವರಿಗೂ ದಂಡ."

"ಹಾಗಾದ್ರೆ ಇಲ್ಲೇ ಒಂದು ಗುಂಡಿ ತೋಡಿ ನನ್ನ ಮುಚ್ಚಿ ಹೋಗಿ."

ರೈಲು ಬಂತು. ಅವರು ನನ್ನ ಮುಖ ನೋಡಿದರು, ಬಾಗಿಲು ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಹತ್ತಿಸಿದರು. ಮೂಲೆಯಲ್ಲಿ ಶಾಲು ಹೊದ್ದು ಕೂತೆ. ಅವರು ಎದುರಿಗೆ ಕಳ್ಳನ ಹಾಗೆ ಬೆವರುತ್ತ ನಿಂತಿದ್ದರು.

ಮುಂದಿನ ಸ್ಟೇಷನ್ನಿನಲ್ಲಿ ತುಂಬು ಬಸುರಿಯೊಬ್ಬಳು ಹತ್ತಿದಳು. ನಮ್ಮ ಕಡೆಗೇ ಬಂದು, ನನ್ನನ್ನು ನೋಡಿ ನಕ್ಕು ಕೂತಳು. ನಾನು ಏಳಲು ನೋಡಿದೆ, ಕಾಲು ಬರಲಿಲ್ಲ.

"ರೀ, ಆಕೇನ ದೂರ ಕೂರ್ಸಿ. ಮೆತ್ತಗೆ ಹೇಳಿ, ಗಲಾಟೆ ಆದ್ರೆ ನಿಮ್ಮ ರೈಲು ಹೋಗುತ್ತೆ."

ಮೆತ್ತಗೆ ಎನ್ನುವುದು ಅವರಿಗೆ ಯಾವತ್ತು ಗೊತ್ತಿತ್ತು? ಅರಸೀಕೆರೆಯ ಪ್ಲಾಟ್‌ಫಾರಂನ ಎರಡು ತುದಿಗೂ ಮುಟ್ಟುತ್ತಿದ್ದ ದನಿಯಲ್ಲಿ ಇಡೀ ಡಬ್ಬಿಗೆ ಸಾರಿದರು. ನನ್ನ ಹೆಂಡತಿಗೆ ಸಿಡುಬಾಗಿದೆ, ಎಲ್ಲರೂ ದಯವಿಟ್ಟು ಬೇರೆ ಡಬ್ಬಿಗೆ ಹೋಗಿ ಅಂತ. ಬಸುರಿಯ ಚೀಲವನ್ನು ತಾವೇ ಹೊತ್ತು ಆಕೆಯನ್ನು ದೂರದ ಡಬ್ಬಿಯಲ್ಲಿ ಕೂರಿಸಿ ಬಂದರು. ಉಳಿದವರು ಹೇಳಿಸಿಕೊಳ್ಳದೆ ಎದ್ದಿದ್ದರು. ಕಿವಿಗೆ ಫೋನು ಅಂಟಿಸಿಕೊಂಡಿದ್ದ ಸೂಟಿನವನೊಬ್ಬ ಮಾತ್ರ ಬಯ್ಯುತ್ತ ಹೋಗಿ ಟಿಕೆಟ್ ನೋಡುವವನನ್ನು ಕರೆತಂದ.

ಆ ಹುಡುಗ ಇವರನ್ನು ಮೇಲಿಂದ ಕೆಳಗೆ ನೋಡಿದ. ಮಾತು ಇಂಗ್ಲಿಷಿನಲ್ಲಿ, ಅರ್ಥ ಇವರು ಆಮೇಲೆ ಹೇಳಿದ್ದು. "ಕಪ್ಪು ಕೋಟಿನವರು ಅಂದರೆ ನೀವೇನಾ?"

ಇವರು ನೆಟ್ಟಗೆ ನಿಂತರು. "ನಾನೇ. ಗೊತ್ತಿದ್ದೂ ಹತ್ತಿಸಿದ್ದೇನೆ. ಅಪರಾಧ ನನ್ನದು."

"ನಾನು ಇದನ್ನು ಮೇಲಕ್ಕೆ ಹೇಳಲೇಬೇಕು ಸರ್. ಸಾರಿ."

"ಹೇಳಲೇಬೇಕು. ಹೇಳದಿದ್ದರೆ ಡ್ಯೂಟಿ ತಪ್ಪಿದ ಹಾಗೆ."

ಅವನು ಹೋದ ಮೇಲೆ ಇಡೀ ಡಬ್ಬಿಯಲ್ಲಿ ನಾವಿಬ್ಬರೇ. ಅಷ್ಟು ವರ್ಷದ ಸಂಸಾರದಲ್ಲಿ ರೈಲಿನಲ್ಲಿ ಅವರು ನನ್ನ ಪಕ್ಕ ಕೂತದ್ದೇ ಇರಲಿಲ್ಲ. ಯಾವಾಗಲೂ ಬಾಗಿಲ ಹತ್ತಿರ, ಯಾರದೋ ಟಿಕೆಟ್ ಕೇಳುತ್ತ. ಅವತ್ತು ಬಂದು ಕೂತರು. ಯಾರೋ ಬಿಟ್ಟುಹೋಗಿದ್ದ ಪೇಪರನ್ನು ಎದುರಿನ ಸೀಟಿನ ಮೇಲೆ ಹಾಸಿದರು. ಬಗ್ಗಿ, ನನ್ನ ಚಪ್ಪಲಿ ಬಿಚ್ಚಿ, ಎರಡೂ ಕಾಲುಗಳನ್ನು ಎತ್ತಿ ಅದರ ಮೇಲಿಟ್ಟರು.

"ಸೀಟಿನ ಮೇಲೆ ಕಾಲಿಟ್ರೆ ಎಷ್ಟು ದಂಡ?" ಅಂದೆ.

"ಮಾತಾಡ್ಬೇಡ. ಮಲ್ಕೋ."

ಮರುದಿನ ಬೆಳಿಗ್ಗೆ ಮಗಳು ನನ್ನ ಕೋಣೆಗೆ ಬಂದಳು. ಸ್ಟೇಷನ್ನಿನ ಆ ಹೆಂಗಸಿನ ಫೋನು ಬಂದಿತ್ತಂತೆ. ಅಪ್ಪ ಇನ್ನು ಪ್ಲಾಟ್‌ಫಾರಂಗೆ ಹೋಗುವ ಹಾಗಿಲ್ಲ. ಕೆಳಗೆ ಅವರು ಆಗಲೇ ಕಿಟಕಿ ಮುಂದೆ ಕೂತಾಗಿದೆ. ನಾನು ಎದ್ದು ದಿಂಬಿಗೊರಗಿದೆ. ಮೈಯೆಲ್ಲ ಉರಿ.

"ಆಕೆಗೆ ಫೋನ್ ಹಚ್ಚು. ನಾನು ಮಾತಾಡ್ತೀನಿ."

"ನಿಂಗೆ ಇಂಗ್ಲಿಷ್ ಬರಲ್ಲ ಅಮ್ಮ."

"ಕನ್ನಡದಲ್ಲೇ ಹೇಳ್ತೀನಿ. ಆಮೇಲೆ ನೀನು ಹೇಳು, ಒಂದು ಮಾತೂ ಬಿಡದೆ."

ಮಗಳು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಹೇಳಿದೆ: "ತಾಯಿ, ಜಾಡ್ಯ ಇದ್ದದ್ದು ನಂಗೆ. ರೈಲು ಹತ್ತಿದ ಕಾಲೂ ನಂದೇ. ಆ ಮನುಷ್ಯ ಮಾಡಿದ್ದು ಬಸುರೀನ ಎಬ್ಬಿಸಿ ಉಳಿಸಿದ್ದು. ತಡೀಬೇಕು ಅಂದ್ರೆ ನನ್ನ ತಡೀರಿ, ಸಾಯೋ ತನಕ ನಿಮ್ಮ ರೈಲು ಹತ್ತಲ್ಲ. ಅವರನ್ನ ಬಿಡಿ. ಮನೇಲಿಟ್ಕೊಂಡು ನಾನೇನು ಮಾಡ್ಲಿ?"

ಹೇಳಿ ಮುಗಿಸಿ ಗೋಡೆ ಕಡೆ ತಿರುಗಿ ಮಲಗಿದೆ.