ನನ್ನ ಮೂಗೂ ಅತ್ತೆಯ ಸರ್ಟಿಫಿಕೇಟೂ

ಯಾರ ಮೂಗು ಹೋದರೂ ನನ್ನ ಮೂಗು ಹೋಗುವುದಿಲ್ಲ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದ್ದು ಲಾಕ್‌ಡೌನ್ ಶುರುವಾದ ಮೂರನೆಯ ವಾರದಲ್ಲಿ. ಹಾಗೆ ಘೋಷಿಸುವ ಹಕ್ಕು ನನಗಿತ್ತು. ಇಪ್ಪತ್ತೆರಡು ವರ್ಷಗಳಿಂದ ನಾನು ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಕ. ಬೇರೆಯವರು ಕೈಯಿಂದ, ತಲೆಯಿಂದ, ಕೆಲವರು ಬರೀ ನಾಲಿಗೆಯಿಂದ ಹೊಟ್ಟೆ ಹೊರೆಯುತ್ತಾರೆ, ನಾನು ಮೂಗಿನಿಂದ. ನಾನು ಮೂಗು ಮುರಿದ ಸೋಪು ಪೇಟೆಯ ಮುಖ ಕಂಡದ್ದೇ ಇಲ್ಲ.

ಬಾಲ್ಕನಿಯಿಂದ ಬೀದಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎದುರುಮನೆಯವನು ಮಾಸ್ಕನ್ನು ಗಲ್ಲಕ್ಕೆ ಹಾಕಿಕೊಂಡು ತಿರುಗುತ್ತಿದ್ದ. ರೋಗ ಬರುವುದು ಗಡ್ಡಕ್ಕೆ ಎಂದು ಯಾರೋ ಅವನಿಗೆ ಹೇಳಿರಬೇಕು. ಮೇಲಿನ ಮನೆಯಾಕೆ ಒಬ್ಬರೇ ಇರುವಾಗ ಮಾಸ್ಕ್ ಹಾಕಿಕೊಂಡು, ಯಾರಾದರೂ ಮಾತಾಡಿಸಲು ಬಂದರೆ ಮರ್ಯಾದೆಯಿಂದ ತೆಗೆಯುತ್ತಿದ್ದರು.

"ಇಂಥವರಿಗೆಲ್ಲ ಮೂಗು ಕೊಟ್ಟಿದ್ದೇ ದಂಡ," ಎಂದೆ.

"ನಿಮ್ಮ ಮೂಗಿನ ತುದೀಲಿ ಕೋಪಕ್ಕೇ ಜಾಗ ಸಾಲಲ್ಲ, ಇನ್ನು ರೋಗ ಎಲ್ಲಿ ಕೂರುತ್ತೆ ಬಿಡಿ," ಎಂದಳು ಹೆಂಡತಿ. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮನೆಯಲ್ಲಿ ನನ್ನ ಮೂಗಿಗೆ ನ್ಯಾಯಾಧೀಶರ ಸ್ಥಾನ. ಮದುವೆಯಾದಂದಿನಿಂದ ಅವಳು ತಟ್ಟೆ ತಂದಿಟ್ಟಾಗಲೆಲ್ಲ ನಾನು ಮೊದಲು ಮೂಸಿ, ಆಮೇಲೆ ತೀರ್ಪು ಕೊಟ್ಟು, ಕೊನೆಗೆ ತಿನ್ನುವವನು. "ಈರುಳ್ಳಿ ಅರ್ಧ ನಿಮಿಷ ಹೆಚ್ಚು ಹುರಿದಿದ್ದೀಯ." "ಎಣ್ಣೆ ಹೋದ ತಿಂಗಳದ್ದು." ಇವು ದೋಷಾರೋಪಗಳಲ್ಲ, ವರದಿಗಳು. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. ಸರಿಯಾದ ಉತ್ತರ ಕಂಡಾಗ ಸುಮ್ಮನಿರುವ ಅಭ್ಯಾಸ ಅವಳಿಗಿದೆ ಎಂದು ನಾನು ನಂಬಿದ್ದೆ.

ಜಗತ್ತೆಲ್ಲ ಕೈ ತೊಳೆಯುತ್ತಿದ್ದ ಕಾಲವದು. ಎಲ್ಲ ಕಾರ್ಖಾನೆಗಳಿಗೂ ಬೀಗ ಬಿದ್ದರೂ ನಮ್ಮದು ಎರಡು ಪಾಳಿಯಲ್ಲಿ ಓಡುತ್ತಿತ್ತು. ನನ್ನ ಮೂಗು ಅಮೂಲ್ಯವಾದ್ದರಿಂದ ಅದನ್ನು ಮನೆಯಲ್ಲೇ ಇರಿಸಬೇಕೆಂದು ಮ್ಯಾನೇಜರು ಆಜ್ಞೆ ಮಾಡಿದರು. ದಿನವೂ ಬೆಳಗ್ಗೆ ಹತ್ತಕ್ಕೆ ಹನ್ನೆರಡು ಪುಟ್ಟ ಡಬ್ಬಿಗಳು ಬಾಗಿಲಿಗೆ ಬರುತ್ತಿದ್ದವು, ಒಂದೊಂದರಲ್ಲೂ ಒಂದೊಂದು ತುಂಡು ಸೋಪು. ನಾನು ಮೂಸಿ, ಫೋನಿನಲ್ಲಿ ತೀರ್ಪು ಹೇಳಬೇಕು. ಹತ್ತರಿಂದ ಹನ್ನೆರಡರವರೆಗೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ ಎಂದು ಕಾನೂನು ಮಾಡಿದೆ. ನಾಲ್ಕು ದಿನಕ್ಕೆಂದು ಬಂದು, ಬಸ್ಸು ನಿಂತದ್ದರಿಂದ ನಮ್ಮಲ್ಲೇ ನಿಂತುಹೋಗಿದ್ದ ನಮ್ಮತ್ತೆ, "ಅಳಿಯಂದ್ರೇ, ಉಸಿರಾಡ್ಬಹುದಾ?" ಎಂದು ಕೇಳಿದರು. ನಿಧಾನವಾಗಿ ಆಡಿ ಎಂದೆ.

ಮ್ಯಾನೇಜರು ಒಂದು ಮಾತು ಸೇರಿಸಿದ್ದರು: "ಮೂಗೇನಾದ್ರೂ ಕೈಕೊಟ್ರೆ ಹೇಳ್ಬಿಡಿ ಸರ್. ವಾಸನೆ ನೋಡೋ ಯಂತ್ರ ಬಂದಿದೆಯಂತೆ, ತರಿಸಿಬಿಡ್ತೀವಿ. ನೀವು ಆರಾಮಾಗಿ ಮನೇಲೇ ಇರ್ಬಹುದು." ಆ 'ಆರಾಮ' ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ಒಂದು ಸಲ ಯಂತ್ರ ಬಂದರೆ ಅದು ನಿವೃತ್ತಿಯಾಗುವುದಿಲ್ಲ, ಆಗುವವನು ನಾನು.

ಮೂರನೆಯ ತಿಂಗಳಲ್ಲಿ ಎರಡು ದಿನ ಮೈ ಬೆಚ್ಚಗಾಯಿತು. ಬಿಸಿಲು ಎಂದೆ. ಮರುದಿನ ಬೆಳಗ್ಗೆ ಮೊದಲ ಡಬ್ಬಿ ತೆರೆದು ಮೂಸಿದೆ. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಹನ್ನೆರಡೂ ಅಷ್ಟೆ. ತಪ್ಪು ನನ್ನದಿರಬಹುದು ಎಂಬ ಯೋಚನೆ ಬರಲು ಅಭ್ಯಾಸ ಬೇಕು, ನನಗದು ಇರಲಿಲ್ಲ. ಫೋನೆತ್ತಿಕೊಂಡೆ.

"ಏನ್ ಸರ್, ಸೋಪು ಕಳಿಸಿದ್ದೀರೋ, ಮೇಣ ಕಳಿಸಿದ್ದೀರೋ? ಪರಿಮಳ ಬೆರೆಸೋರು ಕೆಲಸ ಮಾಡ್ತಿದ್ದಾರೋ, ನಿದ್ದೆ ಮಾಡ್ತಿದ್ದಾರೋ? ಹನ್ನೆರಡೂ ತಿರಸ್ಕೃತ!"

ಮ್ಯಾನೇಜರು ಗಾಬರಿಯಿಂದ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ನಾನು ಮೀಸೆ ತಿರುವುತ್ತ ಕುರ್ಚಿಗೊರಗಿದೆ. ಆಗಲೇ ಗಮನಿಸಿದ್ದು, ಹೆಂಡತಿ ಮತ್ತು ಅತ್ತೆ ಇಬ್ಬರೂ ಬಾಲ್ಕನಿಯಲ್ಲಿ ಮೂಗು ಹಿಡಿದುಕೊಂಡು ನಿಂತು ನನ್ನನ್ನೇ ನೋಡುತ್ತಿದ್ದರು.

"ರೀ, ಅಲ್ಲೇ ಕೂತಿದ್ದೀರಲ್ಲ, ನಿಮಗೇನೂ ಅನಿಸ್ತಿಲ್ವಾ?"

"ಏನನಿಸಬೇಕು?"

"ನೀವು ಫೋನಲ್ಲಿ ಕೂಗಾಡ್ತಿದ್ದಾಗ ಫಿನಾಯಿಲ್ ಬಾಟ್ಲಿ ಬಿದ್ದು ಒಡೀತು. ನಿಮ್ಮ ಕುರ್ಚಿ ಕೆಳಗೇ ಹರೀತಿದೆ."

ಬಗ್ಗಿ ನೋಡಿದೆ. ನನ್ನ ಎರಡೂ ಪಾದಗಳು ಫಿನಾಯಿಲಿನಲ್ಲಿ ಮುಳುಗಿದ್ದವು. ಬಗ್ಗಿಯೇ ಮೂಸಿದೆ. ಗಾಳಿ, ಬರೀ ಗಾಳಿ! ಪ್ರಾಣಭಯಕ್ಕಿಂತ ಮೊದಲು ನನಗೆ ಕಂಡದ್ದು ಆ ಯಂತ್ರ.

ಪರೀಕ್ಷೆಯಲ್ಲಿ ನನಗೆ ರೋಗ ಇದೆ ಎಂದು ಬಂತು, ಅವರಿಬ್ಬರಿಗೂ ಇಲ್ಲ ಎಂದು ಬಂತು. ನ್ಯಾಯ ಎಲ್ಲಿದೆ ಹೇಳಿ. ದಿನಕ್ಕೆ ನಲವತ್ತು ಸಲ ಕೈ ತೊಳೆದವನು ನಾನು. ಗಲ್ಲಕ್ಕೆ ಮಾಸ್ಕ್ ಹಾಕುವ ಎದುರುಮನೆಯವನು ಅಂದೂ ಗುಂಡುಕಲ್ಲಿನಂತೆ ಓಡಾಡುತ್ತಿದ್ದ. ನನ್ನನ್ನು ಹಿಂದಿನ ಕೋಣೆಗೆ ತಳ್ಳಿ ಬಾಗಿಲು ಹಾಕಿದರು. ಜ್ವರ ಬೇಗ ಇಳಿಯಿತು. ಮೂಗು ಮಾತ್ರ ಹೇಳದೆ ಕೇಳದೆ ರಜೆ ಹಾಕಿಬಿಟ್ಟಿತ್ತು. ಮ್ಯಾನೇಜರಿಗೆ ಫೋನು ಮಾಡಿ, "ನಿನ್ನೆ ಹನ್ನೆರಡೂ ಚೆನ್ನಾಗೇ ಇತ್ತು. ನೀವೆಲ್ಲ ಎಚ್ಚರವಾಗಿದ್ದೀರಾ ಅಂತ ಪರೀಕ್ಷೆ ಮಾಡಿದೆ, ಅಷ್ಟೆ," ಎಂದು ಗಂಭೀರವಾಗಿ ಹೇಳಿದೆ. ಅವರು ಕೃತಜ್ಞತೆ ಸಲ್ಲಿಸಿದರು. ಮೇಲಧಿಕಾರಿಗಳನ್ನು ನಂಬಿಸುವುದು ಎಷ್ಟು ಸುಲಭ ಎಂದರೆ ಅವರ ಬಗ್ಗೆ ಕನಿಕರವಾಗುತ್ತದೆ.

ಆದರೆ ನಾಳೆಯ ಡಬ್ಬಿಗಳು? ಬಾಗಿಲಿನಾಚೆ ಇದ್ದ ಹೆಂಡತಿಗೆ ಫೋನಿನಲ್ಲಿ ಬೇಡಿಕೊಂಡೆ.

"ಸ್ವಲ್ಪ ಮೂಸಿ ಹೇಳೇ, ನಾನು ವರದಿ ಮಾಡ್ತೀನಿ."

"ನಾನಾ? ನನಗೆ ಮೂಗೇ ಇಲ್ಲ ಅಂತ ನೀವೇ ಹೇಳ್ತಿದ್ರಲ್ಲ, ಇಪ್ಪತ್ತು ವರ್ಷದಿಂದ."

"ಅದು ಅಡುಗೆ ವಿಷಯ ಕಣೇ."

"ಹತ್ತು ಗಂಟೆಗೆ ನನಗೆ ಆನ್‌ಲೈನ್ ಕ್ಲಾಸಿದೆ. ಅಮ್ಮನ್ನ ಕೇಳಿ."

ಅತ್ತೆಯವರನ್ನು ಕೇಳುವುದೆಂದರೆ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಂತೆ. ಕೇಳಿದೆ. ಮಾರನೆಯ ದಿನ ಅವರು ಬಾಗಿಲಿನಾಚೆ ಕುರ್ಚಿ ಹಾಕಿಕೊಂಡು, ಒಂದೊಂದೇ ಡಬ್ಬಿ ತೆರೆದು, ಕೂಗಿ ಹೇಳತೊಡಗಿದರು.

"ಒಂದನೇದು ಹೊಸ ಅಳಿಯನ ಹಾಗಿದೆ. ಮೊದ್ಲು ಭಾರೀ ಆರ್ಭಟ, ಆಮೇಲೆ ಏನೂ ಇಲ್ಲ."

"ಆರಂಭದ ಘಮ ತೀವ್ರ, ಬಾಳಿಕೆ ಸಾಲದು," ಎಂದು ಫೋನಿನಲ್ಲಿ ಅನುವಾದಿಸಿದೆ.

"ನಾಲ್ಕನೇದು ವರ್ಷಗಟ್ಟಲೆ ಬೀಗ ಹಾಕಿದ್ದ ಮನೆ ಬಾಗಿಲು ತೆಗೆದ ಹಾಗಿದೆ."

"ತಳದ ಘಮದಲ್ಲಿ ಮುಗ್ಗಲಿನ ಛಾಯೆ."

"ಏಳನೇದು ಚೆನ್ನಾಗಿದೆ. ಮಗೂಗೆ ಸ್ನಾನ ಮಾಡಿಸಿ ಎತ್ತಿಕೊಂಡ ಹಾಗೆ."

"ಮೃದು, ಕೌಟುಂಬಿಕ, ಉತ್ತೀರ್ಣ."

ವಾರ ಕಳೆಯುವಷ್ಟರಲ್ಲಿ ಮ್ಯಾನೇಜರು ಮೂಗಿನ ಮೇಲೆ ಬೆರಳಿಟ್ಟರು. "ಇಪ್ಪತ್ತೆರಡು ವರ್ಷದಲ್ಲಿ ನಿಮ್ಮಿಂದ ಇಂಥ ವರದಿ ಬಂದಿರ್ಲಿಲ್ಲ ಸರ್. ಏನು ಸೂಕ್ಷ್ಮ, ಏನು ಸೂಕ್ಷ್ಮ! ಮಾಲೀಕರೇ ಮೆಚ್ಚಿದ್ದಾರೆ." ಹೊಗಳಿಕೆ ಕೇಳಿ ಹೊಟ್ಟೆ ಉರಿದದ್ದು ಅದೇ ಮೊದಲು. "ಶುಕ್ರವಾರ ವಿಡಿಯೋದಲ್ಲಿ ಅವರ ಮುಂದೇನೇ ಹೊಸ ಸೋಪಿನ ಮೂರು ನಮೂನೆ ಮೂಸಿ ತೋರಿಸ್ಬೇಕಂತೆ. ಮೂರನೇದು ಅವರೇ ಬೆರೆಸಿದ್ದು. ನೋಡ್ಕೊಂಡು ಮೂಸಿ."

ನಾನು ಹೂಡಿದ ಉಪಾಯ ಹೀಗಿತ್ತು: ನನ್ನ ಬಚ್ಚಲಿನ ಸೋಪನ್ನೇ ಕತ್ತರಿಸಿ ಮೂರು ತುಂಡು ಮಾಡಿ ನಾನು ಕ್ಯಾಮೆರಾ ಮುಂದೆ ಹಿಡಿಯುವುದು, ನಿಜವಾದ ನಮೂನೆಗಳನ್ನು ಅತ್ತೆ ಹೊರಗೆ ಮೂಸುವುದು, ಚೆನ್ನಾಗಿದ್ದರೆ ಬಾಗಿಲಿಗೆ ಒಂದು ಏಟು, ಕೆಟ್ಟದಾಗಿದ್ದರೆ ಎರಡು.

"ಬಾಯಿ ಮಾತ್ರ ಬಿಡಬೇಡಿ ಅತ್ತೆ," ಎಂದು ಮೂರು ಸಲ ಹೇಳಿದೆ.

"ನಾನ್ಯಾಕೆ ಬಾಯಿ ಬಿಡ್ಲಿ?" ಎಂದರು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ. ನಾನು ಇವರನ್ನು ನಂಬಿದೆ.

ಶುಕ್ರವಾರ ಪರದೆಯ ಮೇಲೆ ಮಾಲೀಕರು, ಮ್ಯಾನೇಜರು. ಮೊದಲ ತುಂಡು ಎತ್ತಿ ಕಣ್ಣು ಮುಚ್ಚಿದೆ. ಟಕ್ ಟಕ್. "ಕ್ಷಮಿಸಿ, ಬೇಡ," ಎಂದೆ. ಎರಡನೆಯದು. ಟಕ್. "ಪರವಾಗಿಲ್ಲ." ಮೂರನೆಯದು ಎತ್ತಿದೆ. ಬಾಗಿಲಿನ ಸದ್ದಿಲ್ಲ. ಮಾಲೀಕರು ಮುಂದಕ್ಕೆ ಬಾಗಿದರು. ಇನ್ನೂ ಸದ್ದಿಲ್ಲ. ಹೊತ್ತು ಕಳೆಯಬೇಕಲ್ಲ, ಶುರುಮಾಡಿದೆ: "ಆಹಾ, ಇದರಲ್ಲಿ ಒಂದು ಗಾಂಭೀರ್ಯ ಇದೆ. ಒಂದು ರಾಜಕಳೆ ಇದೆ. ಮುಂಜಾವಿನ ಹೂದೋಟದಲ್ಲಿ..."

"ಅಯ್ಯಯ್ಯೋ, ಇದನ್ನ ಯಾವ ಪುಣ್ಯಾತ್ಮ ಮಾಡಿದ್ದು? ಹೆಣಕ್ಕೂ ಹಚ್ಚಬಾರದು ಇದನ್ನ!"

ಮಾಲೀಕರ ಹುಬ್ಬು ಮೇಲೇರಿತು. "ಯಾರದು?"

"ಟಿವಿ ಸರ್," ಎಂದೆ.

"ಟಿವಿ ಅಲ್ಲ ಅಳಿಯಂದ್ರೇ, ನಾನು," ಎಂದಿತು ಟಿವಿ.

ಮಾಲೀಕರು ಟಿವಿಯನ್ನು ಕರೆಯಲು ಹೇಳಿದರು. ಹೆಂಡತಿ ತನ್ನ ಫೋನಿನಲ್ಲಿ ಅತ್ತೆಯವರನ್ನು ಸೇರಿಸಿದಳು. ಯಾವ ಘಮ ಎಷ್ಟು ಹೆಚ್ಚಾಗಿದೆ, ಯಾವುದರ ಜೊತೆ ಯಾವುದು ಜಗಳವಾಡುತ್ತಿದೆ ಎಂದು ಅತ್ತೆ ಕಾಲು ಗಂಟೆ ವಿವರಿಸಿದರು. ಅದರ ಜೊತೆಗೆ, ಯಾರೂ ಕೇಳದಿದ್ದರೂ, ನನ್ನ ಮೂಗಿನ ಕಥೆಯನ್ನೂ ಫಿನಾಯಿಲಿನಿಂದ ಹಿಡಿದು ಹೇಳಿಬಿಟ್ಟರು. ನಾನು ಬಚ್ಚಲು ಸೋಪಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

"ನಮ್ಮನೆಯವಳೂ ಇದನ್ನೇ ಹೇಳಿದ್ಲು," ಎಂದರು ಮಾಲೀಕರು. "ಆಫೀಸಿನಲ್ಲಿ ಒಬ್ಬರಿಗೂ ಬಾಯಿ ಬಂದಿರ್ಲಿಲ್ಲ. ಅಮ್ಮಾ, ಯಂತ್ರ ಗಿಂತ್ರ ಬೇಡ. ನಿಮ್ಮಳಿಯನ ಮೂಗು ಬರೋವರೆಗೂ ನೀವೇ ನೋಡಿ. ಬಂತು ಅಂತ ನೀವು ಬರೆದುಕೊಟ್ಟ ದಿನ ಅವರು ಕೆಲಸಕ್ಕೆ ಬರ್ಲಿ."

ಹದಿನೈದು ದಿನಕ್ಕೆ ಬಾಗಿಲು ತೆರೆಯಿತು. ಮನೆಯಲ್ಲಿ ರಾಜ್ಯಕ್ರಾಂತಿಯಾಗಿತ್ತು. ನನ್ನ ಕುರ್ಚಿಯಲ್ಲಿ ಅತ್ತೆ, ಅವರ ಮುಂದೆ ನನ್ನ ಡಬ್ಬಿಗಳು, ಅವರ ಕಿವಿಯಲ್ಲಿ ನನ್ನ ಮ್ಯಾನೇಜರು. ಹೆಂಡತಿ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆ ಎಂಬುದೇ ನನಗೆ ತಿಳಿದಿರಲಿಲ್ಲ. ತಟ್ಟೆಯಲ್ಲಿ ಏನಿಟ್ಟರೂ ನಾನು ಮಾತಾಡದೆ ತಿನ್ನುತ್ತಿದ್ದೆ. ವಾಸನೆ ಇಲ್ಲದವನಿಗೆ ವರದಿಯೆಲ್ಲಿಂದ?

ಇನ್ನೊಂದು ವಾರ ಕಳೆದು, ಒಂದು ಬೆಳಗ್ಗೆ ಮುಖ ತೊಳೆಯುವಾಗ ಸೋಪು ಘಮ್ ಎಂದಿತು. ನಂಬಲಾರದೆ ಟವೆಲ್ ಮೂಸಿದೆ, ಗೋಡೆ ಮೂಸಿದೆ, ನನ್ನದೇ ಚಪ್ಪಲಿಯನ್ನೂ ಮೂಸಿದೆ. ಬಂದಿತ್ತು! ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಓಡಿ ಬಂದು, "ಅತ್ತೆ, ಮೂಗು ಬಂತು. ಬರೆದುಕೊಡಿ," ಎಂದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಹಾಗೆಲ್ಲ ಬರೆದುಕೊಡೋಕಾಗುತ್ತಾ? ಪರೀಕ್ಷೆ ಮಾಡ್ಬೇಕು. ಮಾಲೀಕರು ನಂಬಿದ್ದಾರೆ ನನ್ನನ್ನ." ಅಡುಗೆಮನೆಯ ಕಡೆ ತಿರುಗಿ, "ಏನೇ, ಮಾಡಿದ್ದನ್ನ ತಗೊಂಡು ಬಾ," ಎಂದರು.

ಹೆಂಡತಿ ಮುಚ್ಚಿದ ಪಾತ್ರೆ ತಂದು ನನ್ನ ಮುಂದಿಟ್ಟಳು. ಸೌಟು ಹಿಡಿದು ಪಕ್ಕದಲ್ಲೇ ನಿಂತಳು. ಅತ್ತೆ ಮುಚ್ಚಳ ತೆಗೆದರು.

ಹುರುಳಿಕಾಯಿ. ತಳ ಹಿಡಿದು, ಸೀದು, ಕರಕಲಾದ ಹುರುಳಿಕಾಯಿ. ಕಮರು ವಾಸನೆ ನೇರ ನೆತ್ತಿಗೇರಿತು. ಇಪ್ಪತ್ತೆರಡು ವರ್ಷದ ಅನುಭವವೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಆಗ ಹೆಂಡತಿಯ ಮುಖ ನೋಡಿದೆ. ಮೂರು ವಾರದಿಂದ ಗಂಟಿಕ್ಕದ ಹುಬ್ಬು. ತುಟಿಯಲ್ಲಿ ಇನ್ನೂ ಅರ್ಧ ಹಾಡು ಉಳಿದಿತ್ತು.

"ಹೇಳಿ ಅಳಿಯಂದ್ರೇ. ಹೇಗಿದೆ ವಾಸನೆ?"

"ಘಮಘಮ ಅಂತಿದೆ," ಎಂದೆ.

ಹೆಂಡತಿಯ ಮುಖ ಅರಳಿತು. ಅತ್ತೆ ಪೆನ್ನು ತೆಗೆದರು.

"ತಳ ಹಿಡಿದಿರೋದು ಬೀದಿ ತುದಿಗೂ ಗೊತ್ತಾಗ್ತಿದೆ. ಇವರ ಮೂಗಿಗೆ ಗೊತ್ತಾಗ್ತಿಲ್ಲ. ಇನ್ನೊಂದು ತಿಂಗಳು ಮನೇಲೇ ಇರ್ಲಿ," ಎಂದು ಹೇಳುತ್ತ ಬರೆದರು.

"ಅತ್ತೆ, ಇಲ್ಲ ಅತ್ತೆ, ನನಗೆ ಗೊತ್ತಾಯ್ತು..." ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಸೌಟು ಅಲುಗಿತು.

"ಏನು ಗೊತ್ತಾಯ್ತು?" ಎಂದಳು ಹೆಂಡತಿ, ಬಹಳ ಮೆಲ್ಲಗೆ. "ಮೂಗು ಬಂದಿದೆಯೋ ಇಲ್ವೋ, ಸರಿಯಾಗಿ ಹೇಳಿ."

ನಾನು ಡಬ್ಬಿಗಳ ಕಡೆ ನೋಡಿದೆ. ನನ್ನ ಕುರ್ಚಿಯ ಕಡೆ ನೋಡಿದೆ. ಸೌಟಿನ ಕಡೆ ನೋಡಿದೆ.

"ಇಲ್ಲ ಕಣೇ," ಎಂದೆ. "ಇನ್ನೂ ಬಂದಿಲ್ಲ."

ಅತ್ತೆ ಅದನ್ನೂ ಬರೆದುಕೊಂಡರು.