ಕ್ರೂಸಿನಲ್ಲಿ ಕುಳಿತು ಉಣ್ಣುವುದು

ಕ್ರೂಸಿಗೆ ಹೋಗಿಬಂದವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ: "ಹಡಗು ಹತ್ತಿದರೆ ಆಯಿತು, ಆಮೇಲೆ ನೀವು ಏನೂ ಮಾಡಬೇಕಾಗಿಲ್ಲ." ನನಗೆ ಈ ಮಾತಿನ ಮೇಲೆ ಮೊದಲಿನಿಂದಲೂ ಸಂಶಯ. ಏನೂ ಮಾಡದೆ ಇರುವುದಕ್ಕೆ ನಡುಸಮುದ್ರಕ್ಕೆ ಹೋಗಬೇಕೆ? ಮುಲುಂಡಿನ ನಮ್ಮ ಬಿಲ್ಡಿಂಗಿನ ಸೊಸೈಟಿ ಕಮಿಟಿ ಆ ಸಾಧನೆಯನ್ನು ವರ್ಷಗಟ್ಟಲೆಯಿಂದ ನೆಲದ ಮೇಲೆಯೇ ಮಾಡಿ ತೋರಿಸುತ್ತಿದೆ. ಅಲ್ಲದೆ, ಹಾಗೆ ಹೇಳುವವರು ಅಲ್ಲಿ ಏನೇನು ಮಾಡಿದರೆಂದು ಅವರ ಫೋನಿನ ಫೋಟೋಗಳೇ ಸಾಕ್ಷಿ ಹೇಳುತ್ತವೆ: ಬೆಳಿಗ್ಗೆ ತಿಂಡಿಯ ಸಾಲು, ಹತ್ತಕ್ಕೆ ಜೂಸಿನ ಸಾಲು, ಮಧ್ಯಾಹ್ನ ಊಟದ ಸಾಲು, ಸಂಜೆ ಈಜುಕೊಳದ ಪಕ್ಕದ ಕುರ್ಚಿಗೆ ಕರವಸ್ತ್ರ ಹಾಸಿ ಜಗಳ. ದಾದರಿನಲ್ಲಿ ಲೋಕಲ್ ರೈಲು ಬದಲಿಸಲು ಬೇಕಾಗುವಷ್ಟೇ ಮೊಣಕೈ ಇಲ್ಲಿಗೂ ಬೇಕು. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವಳು. ಎದುರಿನವರು ಬಾಯಿ ಮುಚ್ಚುವ ಮೊದಲೇ ಅವರ ಮಾತಿನಲ್ಲಿ ತೂತು ಹುಡುಕುವುದು ನನಗೆ ಸಿಕ್ಕ ತರಬೇತಿ. ಆಗ ಗೆದ್ದ ಮೂರು ಕಪ್ಪುಗಳಲ್ಲಿ ಅಮ್ಮ ಈಗ ಚಮಚ, ಬಾಚಣಿಗೆ ಮತ್ತು ಬರೆಯದ ಪೆನ್ನುಗಳನ್ನು ಇಡುತ್ತಾಳೆ. ನನ್ನ ವಾದಶಕ್ತಿಗೆ ಮನೆಯಲ್ಲಿರುವ ಮರ್ಯಾದೆ ಅಷ್ಟು.

ಈ ಹುಚ್ಚನ್ನು ನಮ್ಮ ಮನೆಗೆ ತಂದವಳು ಥಾಣೆಯ ಚಿಕ್ಕಮ್ಮ. ಮುಂಬೈಯಲ್ಲಿ ಹತ್ತಿ, ಗೋವಾ ಮುಟ್ಟಿ, ಮುಂಬೈಯಲ್ಲೇ ಇಳಿದ ಮೂರು ರಾತ್ರಿಯ ಪ್ರವಾಸವನ್ನು ಅವಳು ಭೂಪ್ರದಕ್ಷಿಣೆ ಮಾಡಿಬಂದವಳ ಗತ್ತಿನಲ್ಲಿ ವರ್ಣಿಸುತ್ತಾಳೆ. ಹೊರಟಲ್ಲಿಗೇ ತಂದು ಬಿಡುವುದು ಪ್ರಯಾಣವಾದರೆ ನಮ್ಮ ಬಿಲ್ಡಿಂಗಿನ ಲಿಫ್ಟೂ ಒಂದು ಕ್ರೂಸೇ ಎಂದೆ. "ನಿಂಗೆ ಎಲ್ಲದಕ್ಕೂ ತಕರಾರು ಮಾರಾಯ್ತಿ. ಹೋದ್ರೆ ಗೊತ್ತಾಗ್ತದೆ. ಟವೆಲಲ್ಲಿ ಆನೆ ಮಾಡಿ ಮಂಚದ ಮೇಲೆ ಇಟ್ಟಿರ್ತಾರೆ, ಸೊಂಡಿಲು ಸಮೇತ!" ಎಂದಳು. ಟವೆಲಿನ ಆನೆ ನೋಡಲು ಸಮುದ್ರಕ್ಕಿಳಿಯುವವರಿಗೆ ಯಾವ ತರ್ಕದಿಂದ ಉತ್ತರ ಕೊಡುವುದು? ಅವಳ ಸಲಹೆಗಳು ವಾಯ್ಸ್ ಮೆಸೇಜುಗಳಾಗಿ ಸುರಿಯತೊಡಗಿದವು. ಕಿಟಕಿಯ ರೂಮೇ ಬೇಕು. ಚಹಾಕ್ಕೆ ಕರೆಂಟಿನ ಕೆಟಲ್ ಬೇಕು. ಅಮ್ಮನಿಗೆ ಮಿಂಚುವ ಗೌನ್ ಬೇಕು, ಯಾಕೆಂದರೆ ಒಂದು ಸಂಜೆ ಎಲ್ಲರೂ ಸಾಹೇಬರ ವೇಷದಲ್ಲಿ ಊಟಕ್ಕೆ ಹೋಗುವುದಿರುತ್ತದೆ.

ಗೌನಿನ ಮಾತು ಕೇಳಿ ಅಮ್ಮ ನನ್ನ ಪಕ್ಷ ಸೇರುತ್ತಾಳೆಂದು ನಂಬಿದ್ದೆ. ಊಟದ ಮೇಜಿಗೆ ಅವಳನ್ನು ಕರೆದು ಕ್ರೂಸನ್ನು ಯಾಕೆ ಖಂಡಿಸಬೇಕೆಂದು ಮೂರು ಅಂಶಗಳಲ್ಲಿ ಮಂಡಿಸಿದೆ. ಅವಳು ನಿಂತಲ್ಲೇ ಬೆಂಡೆಕಾಯಿ ಒರೆಸುತ್ತ ಪೂರ್ತಿ ಕೇಳಿದಳು. "ಆಯ್ತಾ ನಿನ್ನ ಭಾಷಣ? ಇನ್ನು ಟಿಕೆಟ್ ಮಾಡು. ನೋಡು ಮಗಾ, ನಂಗೆ ಹಡಗೂ ಬೇಡ, ಆನೆಯೂ ಬೇಡ. ಸಮುದ್ರ ಮಲ್ಪೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿನ್ನಪ್ಪ ಒಂದು ಊಟ ನನ್ನ ಎದುರು ಕೂತು ಮಾಡ್ಬೇಕು. ಅಷ್ಟೇ. ಹಡಗಿಂದ ಗ್ರಾಂಟ್ ರೋಡಿಗೆ ಓಡ್ಲಿಕ್ಕೆ ಆಗುದಿಲ್ಲ ಅಲ್ಲ?"

ಇಲ್ಲಿ ಅಪ್ಪನ ಬಗ್ಗೆ ಹೇಳಲೇಬೇಕು. ಅಪ್ಪನಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿದೆ. ಗಿರಾಕಿ ಕಾಯುತ್ತಿರುವಾಗ ಯಜಮಾನ ಊಟಕ್ಕೆ ಕೂರಬಾರದೆಂಬುದು ಮೊದಲು ಅವನು ಕೆಲಸಕ್ಕಿದ್ದ ಹೋಟೆಲಿನ ಧಣಿಗಳಿಂದ ಅವನಿಗೆ ಬಂದ ಪದ್ಧತಿ. ರಶ್ ಇಳಿದ ಮೇಲೆ ಅಡಿಗೆಮನೆಯ ಬಾಗಿಲಿಗೆ ಒರಗಿ, ಎಡಗೈಯಲ್ಲಿ ತಟ್ಟೆ ಹಿಡಿದು, ಕಣ್ಣನ್ನು ಮೇಜುಗಳ ಮೇಲಿಟ್ಟು ನಾಲ್ಕು ತುತ್ತು ನುಂಗುತ್ತಾನೆ. ಮನೆಯಲ್ಲಿ ಗಿರಾಕಿಗಳಿಲ್ಲ, ಆದರೂ ಫ್ರಿಜ್ಜಿಗೆ ಒರಗಿ ನಿಂತೇ ಉಣ್ಣುತ್ತಾನೆ. ಮದುವೆಮನೆಗಳಲ್ಲಿ ಅಮ್ಮ ಪಂಕ್ತಿಯಲ್ಲಿ ಕೂತರೆ ಇವನು ಸಾರಿನ ಬಕೆಟಿನ ಹಿಂದೆ ಹೊರಟಿರುತ್ತಾನೆ. ಮದುವೆಯಾದಂದಿನಿಂದ ಹೀಗೆ ಇಪ್ಪತ್ತೊಂಬತ್ತು ವರ್ಷ. ನನ್ನ ಮೂರು ಅಂಶಗಳಲ್ಲಿ ಯಾವುದಕ್ಕೂ ಇದನ್ನು ಖಂಡಿಸುವ ಶಕ್ತಿಯಿರಲಿಲ್ಲ. ಚಿಕ್ಕಮ್ಮ ಹೋದ ಅದೇ ಮೂರು ರಾತ್ರಿಯ ಪ್ರವಾಸಕ್ಕೆ ನಮ್ಮ ಮೂವರಿಗೂ ಟಿಕೆಟ್ ಮಾಡಿದೆ.

ಓದುಗರು ಹೋಗಲೇಬೇಕೆಂದು ಹಟ ಹಿಡಿದರೆ ನನ್ನಿಂದಲೂ ಕೆಲವು ಸಲಹೆಗಳಿವೆ, ಚಿಕ್ಕಮ್ಮನವಕ್ಕಿಂತ ವಾಸಿ. ಮಳೆಗಾಲ ಕಳೆದ ಮೇಲೆಯೇ ಹೊರಡಿ. ಹೊಟ್ಟೆ ತೊಳಸುವವರು ಕೆಳಮಹಡಿಯಲ್ಲಿ, ಹಡಗಿನ ನಡುಭಾಗದಲ್ಲಿ ರೂಮು ಕೇಳಬೇಕು, ಅಲ್ಲಿ ತೂಗಾಟ ಕಡಿಮೆ. ಕಿಟಕಿಗೆ ಆಸೆಪಡಬೇಡಿ, ಅದರಿಂದ ಕಾಣುವುದು ನೀರು, ಮತ್ತು ಜುಲೈ ತಿಂಗಳ ಮಳೆಯಲ್ಲಿ ಕುರ್ಲಾ ಸ್ಟೇಷನ್ನಿನಲ್ಲಿ ನಿಂತರೆ ಅದು ಪುಕ್ಕಟೆ ಕಾಣುತ್ತದೆ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ರೂಮಿಗೆ ಅದು ಬರುವುದು ಸಂಜೆಗೆ. ಆದ್ದರಿಂದ ಮಾತ್ರೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಕೆಟಲ್ ಒಯ್ಯಬೇಡಿ. ನಮ್ಮದನ್ನು ಬೆಂಕಿಯ ಅಪಾಯವೆಂದು ಕಿತ್ತುಕೊಂಡು ಚೀಟಿ ಕೊಟ್ಟರು. ಅಮ್ಮನ ಸೀರೆಗಳ ಮಡಿಕೆಯಲ್ಲಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ಮಾತ್ರ ಯಾರ ಕಣ್ಣಿಗೂ ಬೀಳದೆ ಒಳಗೆ ಬಂತು. ಎಲ್ಲಕ್ಕಿಂತ ಮುಖ್ಯ, ರಾತ್ರಿಯೂಟಕ್ಕೆ ಎರಡು ಪಾಳಿಗಳಿರುತ್ತವೆ, ಮೊದಲನೆಯದನ್ನು ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಕೇಳಿದೆ. ಅದೇ ನಾನು ಮಾಡಿದ ತಪ್ಪು.

ದಡ ಮರೆಯಾಗುತ್ತಿದ್ದಂತೆ ಅಪ್ಪನ ಫೋನಿನ ಸಿಗ್ನಲ್ ಸತ್ತಿತು. ಅಮ್ಮನ ಮುಖದಲ್ಲಿ ಗೆಲುವು ಕಂಡಿತು. ಅದು ಮೊದಲ ಬಫೆಯವರೆಗೆ ಉಳಿಯಿತು. ಅಲ್ಲಿ ಇಡ್ಲಿ ಒಂದು ತುದಿಯಲ್ಲಿ, ಸಾಂಬಾರು ಇನ್ನೊಂದು ತುದಿಯಲ್ಲಿ. ಇಡ್ಲಿ ಹಾಕಿಕೊಂಡವರು ಸಾಂಬಾರಿಗೆ ತಿರುಗಿ ಬರುವಾಗ ದೋಸೆಯವರಿಗೆ ಢಿಕ್ಕಿ. ಅಪ್ಪನಿಗೆ ಮೈಮೇಲೆ ಇರುವೆ ಹರಿದಂತಾಗಿರಬೇಕು. ನಾವು ಮೇಜು ಹಿಡಿದು ತಿರುಗಿ ನೋಡುವಾಗ ಸಾಂಬಾರಿನ ಪಾತ್ರೆ ಇಡ್ಲಿಯ ಪಕ್ಕಕ್ಕೆ ಬಂದಿತ್ತು, ಅದರ ಹಿಂದೆ ಸೌಟು ಹಿಡಿದು ಅಪ್ಪ ನಿಂತಿದ್ದ. ಒಬ್ಬ ಹೆಂಗಸು ಅವನಿಗೆ, "ಭಾಯ್‌ಸಾಬ್, ಚಟ್ನಿ ಖತಮ್ ಹೋ ಗಯೀ," ಮುಗಿಯಿತು ಎಂದಳು. ಅಪ್ಪ ತರಲು ಹೋದ!

ಬಫೆಯ ಮೇಲ್ವಿಚಾರಕ ಕಾರ್ಕಳ ಕಡೆಯ ಸದಾನಂದಣ್ಣ, ಅರ್ಧ ನರೆತ ಮೀಸೆಯ ಸಮಾಧಾನಿ. "ಅಣ್ಣಾ, ಈರ್ ಕುಲ್ಲುಲೆ," ನೀವು ಕೂತುಕೊಳ್ಳಿ ಎಂದು ತುಳುವಿನಲ್ಲಿ ಕೈಮುಗಿದು ಬೇಡಿದರು. ಊರಿನವರೆಂದು ತಿಳಿದ ಮೇಲೆ ಅಪ್ಪ ಕೂರುವುದುಂಟೇ? ಆ ರಾತ್ರಿಯ ಊಟದಲ್ಲಿ ಎರಡು ನಿಮಿಷ ಕೂತ. ಯಾರೋ ಬೆರಳು ಅದ್ದಿಕೊಂಡು ಸೂಪು ತರುವುದನ್ನು ಕಂಡು ಎದ್ದ. ಗೋವಾ ಬಂತು, ಹೋಯಿತು. ಅಲ್ಲಿ ಇಳಿದು ಬಿಸಿಲಿನಲ್ಲಿ ಚರ್ಚೊಂದರ ಮುಂದೆ ಫೋಟೋ ತೆಗೆಸಿಕೊಂಡು ಓಡಿಬಂದೆವು, ಅದಕ್ಕಿಂತ ಹೆಚ್ಚಿನ ವರ್ಣನೆಗೆ ಅದು ಯೋಗ್ಯವಲ್ಲ. ಎರಡನೆಯ ಊಟದಲ್ಲೂ ಅಮ್ಮ ಖಾಲಿ ಕುರ್ಚಿಯ ಎದುರು ಗೌನಿನಲ್ಲಿ ಅಲ್ಲ, ಕಾಂಜೀವರಂನಲ್ಲಿ ಕೂತು ಪಾಸ್ತಾ ಕೆದಕಿದಳು. "ಇರ್ಲಿ ಬಿಡು, ಇನ್ನೊಂದು ಊಟ ಉಂಟಲ್ಲ," ಎಂದಳು. ಅವಳ ದನಿ ಕೇಳಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು.

ಕೊನೆಯ ಊಟವನ್ನು ನಾನು ಸ್ಪರ್ಧೆಯ ಅಂತಿಮ ಸುತ್ತಿನಂತೆ ಸಿದ್ಧಪಡಿಸಿದೆ. ಸದಾನಂದಣ್ಣನನ್ನು ಹಿಡಿದು ಮೂಲೆಯ ಮೇಜು ಮಾಡಿಸಿಕೊಂಡೆ. ಅಪ್ಪನ ಮುಖ ಗೋಡೆಗೆ, ಬೆನ್ನು ಜಗತ್ತಿಗೆ. "ಅಪ್ಪಾ, ನೀವಿಲ್ಲಿ ಗಿರಾಕಿ. ಗಿರಾಕಿ ಎದ್ದು ಬಡಿಸಿದರೆ ಸದಾನಂದಣ್ಣನ ಹೋಟೆಲಿಗೆ ಅವಮಾನ. ನಿಮ್ಮ ಹೋಟೆಲಲ್ಲಿ ಯಾರಾದರೂ ಹಾಗೆ ಮಾಡಿದರೆ?" ಎಂದೆ. ಅಪ್ಪ ಗೋಡೆ ನೋಡಿದ, ಕುರ್ಚಿ ನೋಡಿದ. "ಹೊರಗೆ ಹಾಕ್ತೇನೆ," ಎಂದು ಒಪ್ಪಿಕೊಂಡು ಕೂತ. ಹಿಂದೆ ತಟ್ಟೆ ಸದ್ದಾದಾಗಲೆಲ್ಲ ಕಿವಿ ಮಾತ್ರ ಅಲುಗುತ್ತಿತ್ತು. ಅಮ್ಮ ಎದುರು ಕೂತು ಸೆರಗು ಸರಿಮಾಡಿಕೊಂಡಳು. ಸದಾನಂದಣ್ಣ ತಾವೇ ಅನ್ನ, ದಾಲು, ಬೀನ್ಸ್ ಪಲ್ಯ ತಂದರು. ನಾನು ಮನಸ್ಸಿನಲ್ಲೇ ನಾಲ್ಕನೆಯ ಕಪ್ಪು ಎತ್ತಿಕೊಂಡೆ.

ಅಪ್ಪ ಮೊದಲ ತುತ್ತು ಬಾಯಿಗಿಟ್ಟ. ತುಟಿ ಸ್ವಲ್ಪ ಓರೆಯಾಯಿತು ಅಷ್ಟೆ. ಅಮ್ಮ ಎದ್ದು ನಿಂತಳು!

"ಉಪ್ಪೇ ಇಲ್ವಾ? ಇಕೊಳ್ಳಿ," ಎಂದು ಚೀಲದಿಂದ ಬಾಟಲಿ ತೆಗೆದು ಎರಡು ಮಿಡಿ ಬಡಿಸಿದಳು. ಹೇಗೂ ಎದ್ದಾಗಿದೆಯೆಂದು ದಾಲಿನ ಬೋಗುಣಿಯನ್ನೂ ಎತ್ತಿಕೊಂಡಳು. ಅಪ್ಪನಿಗೆ ಬಡಿಸಿದಳು, ನನಗೆ ಬಡಿಸಿದಳು, ಪಲ್ಯಕ್ಕೆ ತಿರುಗಿದಳು.

"ಅಕ್ಕಾ, ಈರ್ ಕುಲ್ಲುಲೆ," ಎಂದು ಸದಾನಂದಣ್ಣ ಮತ್ತೆ ಕೈಮುಗಿದರು.

ಅಪ್ಪ ಕುರ್ಚಿಗೆ ಒರಗಿದ. ಜೀವಮಾನದಲ್ಲಿ ಮೊದಲ ಸಲ ಕೂತವರ ಪಕ್ಷದಿಂದ ಮಾತಾಡುವ ಸುಯೋಗ ಅವನಿಗೆ. "ಓಹೋ! ಈಗ ಎದ್ದದ್ದು ಯಾರು ಮಾರಾಯ್ತಿ?"

"ನೀವು ಉಣ್ಣಿ ಮೊದ್ಲು. ನಂದು ಮತ್ತೆ," ಎಂದಳು ಅಮ್ಮ.

ಅವಳು ಕೂರುವಷ್ಟರಲ್ಲಿ ಅಪ್ಪನ ತಟ್ಟೆ ಖಾಲಿ. ಎರಡನೆಯ ಪಾಳಿಯವರು ಬಾಗಿಲಲ್ಲಿ ಸೇರತೊಡಗಿದ್ದರು. ಗಿರಾಕಿ ಕಾಯುವುದು ಅಪ್ಪನ ಬೆನ್ನಿಗೂ ಗೊತ್ತಾಗುತ್ತದೆ. ಮೇಜು ಬಿಟ್ಟುಕೊಟ್ಟು ಎದ್ದ.

ಮರುವಾರ ಪರೇಲಿನ ಆಫೀಸಿನಿಂದ ಬಂದವಳೇ ಊಟದ ಮೇಜಿನಲ್ಲಿ ಕೂತು ಚಿಕ್ಕಮ್ಮನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಕ್ರೂಸಿನ ಸೋಲನ್ನು ಸಾಂಗವಾಗಿ ನಿರೂಪಿಸಿದೆ. ಅಪ್ಪನಿಗೆ ಎದುರಿಗಿರುವ ಹೆಂಡತಿ ಕಾಣುವುದಿಲ್ಲ. ಅವಳು ಒಬ್ಬಳೇ ಉಣ್ಣುವುದು ಅವನಿಗೆ ತಿಳಿಯುವುದೇ ಇಲ್ಲ. ಇಂಥವರಿಗೆ ಹಡಗೂ ಒಂದೇ, ಫ್ರಿಜ್ಜೂ ಒಂದೇ. "ಅಪ್ಪನ ಮೇಲೆ ನಿನ್ನ ವಾದ ಎಲ್ಲ ಸರಿ," ಎಂದಳು ಚಿಕ್ಕಮ್ಮ, "ಮನೆಯಲ್ಲಿ ಅಕ್ಕ ದಿನಾ ಯಾರೊಟ್ಟಿಗೆ ಉಣ್ತಾಳೆ?"

ನನ್ನ ಬಾಯಲ್ಲಿ ನೀರುದೋಸೆಯಿತ್ತು. ಅದು ಐದನೆಯ ದೋಸೆ. ಅಮ್ಮ ಒಲೆಯ ಮುಂದೆ ನಿಂತು ಆರನೆಯದನ್ನು ಮಡಚುತ್ತಿದ್ದಳು, ಬೆನ್ನು ನನ್ನ ಕಡೆಗೆ. ನಾನು ಫೋನು ಕೆಳಗಿಟ್ಟೆ. ಈ ಮನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿದೆ ಎನ್ನಿಸಿತು, ಕೇಳಿಯೂ ಬಿಟ್ಟೆ. ದೋಸೆಗೆಂದು ತಟ್ಟೆ ಮುಂದೆ ಚಾಚಿದ್ದು ಕೇಳಿದ ಮೇಲೆ ನನ್ನ ಗಮನಕ್ಕೆ ಬಂತು.

"ಅಮ್ಮಾ, ನೀನು ಕೂತು ಉಣ್ಣುವುದು ಯಾವಾಗ?"